ರಾತ್ರಿ ಊಟ ಎಷ್ಟು ಗಂಟೆಗೆ?

(ಉಡುಪಿಯ ಒಂದು ಆರೋಗ್ಯ ಮಾಹಿತಿ ಕಾರ್ಯಕ್ರಮದಲ್ಲಿ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಇಂಟರ್‌ಮಿಟೆಂಟ್ ಫಾಸ್ಟಿಂಗ್ ಅಂದರೇನು, 16:8 ಅಂದರೇನು ಅಂತ ಇಲ್ಲಿ ನಾನು ಹೇಳಬೇಕಾಗಿಲ್ಲ. ದಿನಕ್ಕೆ ಹದಿನಾರು ಗಂಟೆ ಉಪವಾಸ, ಉಳಿದ ಎಂಟು ಗಂಟೆಯೊಳಗೆ ಊಟ ಅಂತ ನಿಮ್ಮ ಫೋನುಗಳೇ ಹೇಳಿಯಾಗಿದೆ. ಉಪವಾಸವೂ ನಮಗೆ ಹೊಸದಲ್ಲ. ಏಕಾದಶಿಗೆ ನೀರನ್ನೂ ಮುಟ್ಟದೆ ಮರುದಿನ ಬೆಳಿಗ್ಗೆ ಬೇಗ ಪಾರಣೆ ಮಾಡುವವರು ಈ ಸಭೆಯಲ್ಲೇ ಇದ್ದೀರಿ. ರಂಜಾನ್ ತಿಂಗಳಿಡೀ ಉಪವಾಸ ಹಿಡಿಯುವವರು ಇದ್ದೀರಿ. ಕಾರ್ಕಳ, ಮೂಡುಬಿದಿರೆ ಕಡೆಯ ಜೈನರ ಮನೆಗಳಲ್ಲಿ ಸೂರ್ಯ ಮುಳುಗುವ ಮೊದಲೇ ಉಂಡು ಪಾತ್ರೆ ತೊಳೆದಿಡುತ್ತಾರೆ. ಹಸಿವು ತಡೆಯುವುದು ಹೇಗೆ ಅಂತ ನಾನು ಕಲಿಸಲು ಹೊರಟರೆ ನೀವು ನಗುತ್ತೀರಿ.

ನಾನು ಬಂದದ್ದು ಸ್ವಲ್ಪ ಸಿಟ್ಟಿನಲ್ಲಿ. ನಾನು ಡಯಟಿಷಿಯನ್. ಜನ ಬಂದು ಕೂರುವ ಮೊದಲೇ, "ಮೇಡಂ, ನಂದು ಹನ್ನೆರಡರಿಂದ ಎಂಟು" ಎನ್ನುತ್ತಾರೆ. ಅಂದರೆ ತಿನ್ನುವುದೆಲ್ಲ ಮಧ್ಯಾಹ್ನ ಹನ್ನೆರಡರಿಂದ ರಾತ್ರಿ ಎಂಟರೊಳಗೆ. ಯಾರು ಕೊಟ್ಟ ಹೊತ್ತು ಅದು? ಬೆಂಗಳೂರಿನಲ್ಲಿರುವ ಮಗ ಹಾಕಿಕೊಟ್ಟ ಆಪ್. ಮಲ್ಪೆ ಬಂದರಿನಲ್ಲಿ ಬೆಳಗಿನ ಜಾವ ಮೀನು ಏಲಂಗೆ ನಿಲ್ಲುವವರಿಗೂ ಹನ್ನೆರಡರಿಂದ ಎಂಟು. ಮಣಿಪಾಲದಲ್ಲಿ ನಡುರಾತ್ರಿವರೆಗೆ ಓದುವ ಹುಡುಗನಿಗೂ ಹನ್ನೆರಡರಿಂದ ಎಂಟು. ಎಂತದು ಮಾರಾಯ್ರೆ ಇದು! ನಾನು ಎಲ್ಲರಿಗೂ ಕೇಳುವುದು ಒಂದೇ. ನಿಮ್ಮ ಮನೆಯಲ್ಲಿ ರಾತ್ರಿ ಊಟ ಎಷ್ಟು ಗಂಟೆಗೆ?

ಒಬ್ಬರ ಕತೆ ಹೇಳುತ್ತೇನೆ. ಹೆಸರು ಬೇಡ. ನಲವತ್ತು ದಾಟಿದವರು, ಆಫೀಸ್ ಕೆಲಸ, ಗಂಡನಿಗೆ ಸ್ವಂತ ಅಂಗಡಿ. ಇವರದ್ದೂ ಹನ್ನೆರಡರಿಂದ ಎಂಟೇ. ಮೂರು ತಿಂಗಳಾದರೂ ತೂಕ ಅಲ್ಲಾಡಿಲ್ಲ. ದಿನ ಹೇಗೆ ಹೋಗುತ್ತದೆ ಹೇಳಿ ಅಂದೆ. ಐದೂವರೆಗೆ ಏಳುತ್ತಾರೆ. ನೀರ್ ದೋಸೆ ಹೊಯ್ಯುತ್ತಾರೆ. ಚಟ್ನಿಗೆ ಉಪ್ಪು ಸಾಕಾ ಅಂತ ನಾಲಿಗೆಗೆ ಹಚ್ಚಿ ನೋಡುತ್ತಾರೆ. ಮಗಳು ತಟ್ಟೆಯಲ್ಲಿ ಬಿಟ್ಟ ಅರ್ಧ ದೋಸೆ ಚೆಲ್ಲಲು ಮನಸ್ಸು ಬರುವುದಿಲ್ಲ, ಅದೂ ಬಾಯಿಗೆ. ಇದು ಯಾವುದೂ ಲೆಕ್ಕಕ್ಕಿಲ್ಲ, ಯಾಕೆಂದರೆ ನಿಂತುಕೊಂಡು ತಿಂದದ್ದು! (ನಗಬೇಡಿ, ನಿಮ್ಮ ಮನೆಯಲ್ಲೂ ಇದೇ ಲೆಕ್ಕ.) ಹನ್ನೊಂದಕ್ಕೆ ತಲೆನೋವು. ಸಂಜೆ ನಾಲ್ಕೂವರೆಗೆ ಆಫೀಸಿಗೆ ಗೋಳಿಬಜೆಯ ಕಟ್ಟು ಬರುತ್ತದೆ. ಪೇಪರ್ ಎಣ್ಣೆ ಕುಡಿದು ಅಕ್ಷರ ಆಚೆ ಬದಿಗೆ ಕಾಣುತ್ತಿರುತ್ತದೆ, ಸಣ್ಣ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಬಿಸಿ ಆರದ ಚಟ್ನಿ. ಬೆಳಿಗ್ಗೆಯಿಂದ ತಡೆದುಕೊಂಡವರು ಎರಡು ತಿಂದು ಕೈ ತೊಳೆಯುತ್ತಾರಾ? ಐದಾರು ಹೋಗುತ್ತದೆ, ಮೇಲೊಂದು ಚಾ.

ಅದೂ ಇರಲಿ. ಗಂಡ ಅಂಗಡಿ ಬಾಗಿಲು ಹಾಕಿ ಬರುವಾಗ ಒಂಬತ್ತೂವರೆ. ಊಟ ಹತ್ತಕ್ಕೆ. ಎಂಟಕ್ಕೆ ಮುಗಿಯಬೇಕಾದ ಊಟ ಎಂಟಕ್ಕೆ ಶುರುವೂ ಆಗಿರುವುದಿಲ್ಲ. ಮತ್ತೆ ಎಲ್ಲಿಯ ಹದಿನಾರು ಗಂಟೆ?

ಮಕ್ಕಳ ಜೊತೆ ಏಳಕ್ಕೇ ಉಣ್ಣಿ ಅಂದೆ. ಮನೆಯಲ್ಲಿ ಅತ್ತೆ ಒಪ್ಪುವುದಿಲ್ಲ ಅಂದರು. ಮುಂದಿನ ಸಲ ಅತ್ತೆಯನ್ನೂ ಗಂಡನನ್ನೂ ಕರೆದುಕೊಂಡು ಬನ್ನಿ ಅಂದೆ, ಬಂದರು. ಗಂಡನಿಗೆ ಏನೂ ಇಲ್ಲ, "ನಂದೆಂತ ಉಂಟು, ಅವಳು ಉಣ್ಣಲಿ" ಅಂದುಬಿಟ್ಟರು. ಅತ್ತೆಯದ್ದೇ ತಕರಾರು. "ದುಡಿದು ಬರುವವನಿಗಿಂತ ಮೊದಲೇ ಉಂಡು ಕೂರುವುದಾ?" ನಾನು ಜಾಣತನ ತೋರಿಸಲು, "ಅಮ್ಮ, ಏಕಾದಶಿಗೆ ನೀವು ಯಾರನ್ನು ಕಾಯುತ್ತೀರಿ?" ಅಂತ ಕೇಳಿದೆ. ಅವರು ಕೂಡಲೇ, "ಅದು ದೇವರ ಲೆಕ್ಕ, ಇದು ತೂಕದ ಲೆಕ್ಕ" ಅಂದರು. ನನ್ನ ಬಾಯಿ ಬಂದ್.

ಕೊನೆಗೆ ಆದದ್ದು ಹೀಗೆ. ಬೆಳಿಗ್ಗೆ ಎಂಟೂವರೆಗೆ ಕೂತು ತಿಂಡಿ, ಒಂದಕ್ಕೆ ಬುತ್ತಿ, ಸಂಜೆ ಏಳರೊಳಗೆ ಮಕ್ಕಳ ಜೊತೆ ಊಟ. ಗಂಡ ಬಂದಾಗ ಎದುರಿಗೆ ಕೂತು ಬಡಿಸುವುದು, ಕೈಯಲ್ಲಿ ಬಿಸಿನೀರಿನ ಲೋಟ. ಅತ್ತೆಯೂ ಈಗ ಏಳಕ್ಕೇ ಉಣ್ಣುತ್ತಾರಂತೆ, ಆದರೆ ಅದು ಮೊಮ್ಮಕ್ಕಳಿಗಾಗಿ! ಲೆಕ್ಕ ಹಾಕಿದರೆ ಉಪವಾಸ ಹದಿಮೂರೂವರೆ ಗಂಟೆ. ಹದಿನಾರು ಅಲ್ಲ. ಆದರೆ ದಿನಾ ನಡೆಯುತ್ತದೆ. ಗೋಳಿಬಜೆ ತನ್ನಷ್ಟಕ್ಕೆ ಕಡಿಮೆಯಾಯಿತು, ತೂಕ ನಿಧಾನಕ್ಕೆ ಇಳಿಯಿತು.

ಹಿಂದೆ ಕೂತವರಿಗೆ ಕೇಳುತ್ತಿದೆಯಾ? ಆಯ್ತು.

ಇನ್ನು ವಿಜ್ಞಾನ. ಅಮೆರಿಕದ ಸಾಲ್ಕ್ ಸಂಸ್ಥೆಯಲ್ಲಿ ಸಚ್ಚಿದಾನಂದ ಪಾಂಡಾ ಅಂತ ವಿಜ್ಞಾನಿ ಇದ್ದಾರೆ, ಒಡಿಶಾದವರು. ಜನ ಬಾಯಿಗೆ ಹಾಕಿದ್ದನ್ನೆಲ್ಲ ಫೋನಿನಲ್ಲಿ ಫೋಟೋ ತೆಗೆಸಿ ನೋಡಿದರು. 2015ರಲ್ಲಿ ಬಂದ ಆ ಲೆಕ್ಕದಲ್ಲಿ ಅರ್ಧದಷ್ಟು ಜನ ದಿನಕ್ಕೆ ಹದಿನಾಲ್ಕು ಮುಕ್ಕಾಲು ಗಂಟೆಗಿಂತಲೂ ಜಾಸ್ತಿ ಹೊತ್ತು ತಿನ್ನುತ್ತಲೇ ಇದ್ದರು. ನಿಂತು ತಿಂದ ದೋಸೆಯೂ ಅಲ್ಲಿ ಲೆಕ್ಕಕ್ಕೆ ಬರುತ್ತದೆ, ನೋಡಿ.

2020ರಲ್ಲಿ ಅಮೆರಿಕದಲ್ಲೇ 116 ಜನರ ಪರೀಕ್ಷೆ ನಡೆಯಿತು. ಒಂದು ಗುಂಪಿಗೆ ಇದೇ ಹನ್ನೆರಡರಿಂದ ಎಂಟು, ಇನ್ನೊಂದಕ್ಕೆ ಮೂರು ಹೊತ್ತಿನ ಊಟ. 12 ವಾರ ಕಳೆದಾಗ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. 2022ರಲ್ಲಿ ಚೀನಾದ ಗುವಾಂಗ್‌ಝೌನಲ್ಲಿ 139 ಜನರಿಗೆ ಒಂದು ವರ್ಷ ಕ್ಯಾಲೊರಿ ಕಡಿಮೆ ಮಾಡಿಸಿದರು. ಅರ್ಧ ಜನ ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರೊಳಗೆ ಮಾತ್ರ ಉಂಡರು. ಅವರು ಸುಮಾರು 8 ಕೆಜಿ ಇಳಿದರು, ಉಳಿದವರು 6.3. ಆ ಅಂತರವನ್ನೂ ಸಂಶೋಧಕರು ದೊಡ್ಡದೆಂದು ಒಪ್ಪಲಿಲ್ಲ. ಅಂದರೆ ಗಡಿಯಾರದಲ್ಲಿ ಮಂತ್ರ ಇಲ್ಲ. ತಿನ್ನುವುದು ಕಡಿಮೆಯಾದರೆ ತೂಕ ಕಡಿಮೆಯಾಗುತ್ತದೆ. ಕಡಿಮೆ ತಿನ್ನಲು ಯಾವ ಹೊತ್ತು ನಿಮಗೆ ಅನುಕೂಲವೋ ಅದೇ ನಿಮ್ಮ ಹೊತ್ತು.

ಹಾಗಾದರೆ ಬೆಳಿಗ್ಗೆ ಬಿಡುವುದಾ, ರಾತ್ರಿ ಬಿಡುವುದಾ? ನನ್ನ ಮಾತು ಕೇಳುವುದಾದರೆ ರಾತ್ರಿ ತಡವಾಗಿ ಉಣ್ಣುವುದನ್ನು ಬಿಡಿ. ಕತ್ತಲಾದ ಮೇಲೆ ನಿದ್ದೆಯ ಹಾರ್ಮೋನು ಮೆಲಟೋನಿನ್ ಏರುತ್ತದೆ, ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ಕೆಲಸ ಮಂದವಾಗುತ್ತದೆ. ಅದೇ ಅನ್ನ ಮಧ್ಯಾಹ್ನ ಉಂಡಾಗ ಏರುವುದಕ್ಕಿಂತ ರಾತ್ರಿ ಹತ್ತಕ್ಕೆ ಉಂಡಾಗ ಶುಗರ್ ಜಾಸ್ತಿ ಏರುತ್ತದೆ. 2018ರಲ್ಲಿ ಶುಗರ್ ಬರುವ ಅಂಚಿನಲ್ಲಿದ್ದ ಗಂಡಸರಿಗೆ ಐದು ವಾರ ಮಧ್ಯಾಹ್ನ ಮೂರರೊಳಗೆ ದಿನದ ಊಟ ಮುಗಿಸಿಸಿ ನೋಡಿದ್ದಾರೆ. ತೂಕ ಇಳಿಯದೆಯೂ ಇನ್ಸುಲಿನ್ ಕೆಲಸ ಸುಧಾರಿಸಿತು, ಬಿಪಿಯೂ ಇಳಿಯಿತು. ಇದ್ದದ್ದು ಎಂಟೇ ಜನ, ಹಾಗಾಗಿ ತಲೆ ಮೇಲೆ ಹೊತ್ತು ಕುಣಿಯುವುದು ಬೇಡ. ಮೂರಕ್ಕೆ ಊಟ ಮುಗಿಸಿ ಅಂತ ನಾನು ಹೇಳಿದರೆ ನಾಳೆಯಿಂದ ನನ್ನ ಹತ್ತಿರ ಯಾರೂ ಬರುವುದೂ ಇಲ್ಲ. ಒಂಬತ್ತೂವರೆಯಿಂದ ಎಂಟಕ್ಕೆ ತನ್ನಿ, ಸಾಕು. ಅದಕ್ಕೇ ಕೇಳಿದ್ದು, ರಾತ್ರಿ ಊಟ ಎಷ್ಟು ಗಂಟೆಗೆ ಅಂತ.

ಚೀಟಿ ಬಂತು. ಹತ್ತು ನಿಮಿಷ ಉಂಟು ಅಂದುಕೊಂಡಿದ್ದೆ, ಮೂರು ಅಂತೆ. ಬೇಗ ಬೇಗ ಹೇಳುತ್ತೇನೆ.

ಶುರು ಮಾಡುವುದು ಹನ್ನೆರಡು ಗಂಟೆ ಹೊತ್ತಿನ ಉಪವಾಸದಿಂದ. ರಾತ್ರಿ ಎಂಟಕ್ಕೆ ನಿಲ್ಲಿಸಿ ಬೆಳಿಗ್ಗೆ ಎಂಟಕ್ಕೆ ತಿಂಡಿ. ಅದು ಸಲೀಸಾದ ಮೇಲೆ ಅರ್ಧರ್ಧ ಗಂಟೆ ಎಳೆಯಿರಿ. ತಲೆ ಸುತ್ತಿದರೆ, ನಿದ್ದೆ ಕೆಟ್ಟರೆ, ಮನೆಯವರ ಮೇಲೆ ರೇಗಾಡಿದರೆ ಹಿಂದೆ ಬನ್ನಿ. ಹಾಲು ಸಕ್ಕರೆ ಹಾಕಿದ ಚಾ ಕುಡಿದರೆ ಉಪವಾಸ ಮುಗಿಯಿತು. ಉಪವಾಸ ಬಿಡುವುದು ಬನ್ಸ್ ತಿಂದು ಅಲ್ಲ. ಮೊಟ್ಟೆಯೋ, ಹೆಸರುಕಾಳೋ, ಊಟದ ಹೊತ್ತಾದರೆ ಬಂಗುಡೆಯೋ ತಟ್ಟೆಯಲ್ಲಿರಲಿ. ಯಕ್ಷಗಾನ, ಕೋಲ, ಮದುವೆ ಇದ್ದ ದಿನ ಸುಮ್ನೆ ಉಂಡುಬಿಡಿ. ಮರುದಿನ ಅದಕ್ಕೆ ದಂಡ ಕಟ್ಟಿದ ಹಾಗೆ ಉಪವಾಸ ಮಾಡಬೇಡಿ. ನೈಟ್ ಶಿಫ್ಟ್‌ನವರ ಲೆಕ್ಕ ಬೇರೆ, ಅವರು ಆಮೇಲೆ ಸಿಗಿ.

ಗರ್ಭಿಣಿಯರು, ಹಾಲೂಡಿಸುವವರು, ಬೆಳೆಯುವ ಮಕ್ಕಳು, ಹಿಂದೆ ಊಟ ಬಿಟ್ಟು ಬಿಟ್ಟು ಕಾಯಿಲೆ ಬಿದ್ದವರು ಇದಕ್ಕೆ ಕೈ ಹಾಕಬೇಡಿ.

ಆಮೇಲೆ ಶುಗರಿನವರು. ಮೆಟ್‌ಫಾರ್ಮಿನ್ ಮಾತ್ರೆ ಒಂದೇ ಇದ್ದರೆ ಶುಗರ್ ತೀರಾ ಇಳಿಯುವ ಹೆದರಿಕೆ ಕಡಿಮೆ. ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್ ಮಾತ್ರೆ ಇದ್ದರೆ ಡಾಕ್ಟರನ್ನು ಕೇಳದೆ ಒಂದು ಹೊತ್ತೂ ಬಿಡಬೇಡಿ, ಮಾತ್ರೆಯನ್ನು ನೀವೇ ಕಡಿಮೆ ಮಾಡಲೂ ಬೇಡಿ. ಕೈ ನಡುಗಿ ಬೆವರು ಬಂದರೆ, ಮೀಟರಿನಲ್ಲಿ ಶುಗರ್ 70ಕ್ಕಿಂತ ಕೆಳಗೆ ಬಂದರೆ ಕೂಡಲೇ ಸಕ್ಕರೆ ನೀರು ಕುಡಿಯಿರಿ. ಆಗ ಗಡಿಯಾರ ನೋಡುತ್ತಾ ಕೂರುವುದಲ್ಲ. ಮಾತ್ರೆ ಚೀಟಿ ತಂದವರು ಕೈ ಎತ್ತಿ, ನಿಮ್ಮ ಪ್ರಶ್ನೆ ಮೊದಲು ತೆಗೆದುಕೊಳ್ಳುತ್ತೇನೆ.