ಪೆಂಗ್ವಿನ್ನಿನ ಅಂಗಾಲು

ಕೇಳುಗರಿಗೆ ನಮಸ್ಕಾರ.

ಮುಂಬೈನ ಬೈಕುಲ್ಲಾ ಮೃಗಾಲಯಕ್ಕೆ 2016ರಲ್ಲಿ ಹಂಬೋಲ್ಟ್ ಪೆಂಗ್ವಿನ್‌ಗಳು ಬಂದವು. ಹಿಮದ ಹಕ್ಕಿಗಳೆಂದು ಹಲವರು ತಿಳಿದಿದ್ದಾರೆ. ಅಲ್ಲ, ಇವು ಪೆರು ಮತ್ತು ಚಿಲಿ ಕರಾವಳಿಯವು. ಯಾವ ಮೃಗಾಲಯದಲ್ಲೇ ಆಗಲಿ, ಈ ಹಕ್ಕಿ ಸುಖವಾಗಿದೆಯೇ ಎಂದು ತಿಳಿಯಲು ಮೊದಲು ಅದರ ಅಂಗಾಲು ನೋಡಬೇಕು.

ಕಡಲಿನಲ್ಲಿ ಇವು ಮೀನಿಗಾಗಿ ತಾಸುಗಟ್ಟಲೆ ಈಜುತ್ತವೆ. ಮೃಗಾಲಯದಲ್ಲಿ ಮೀನು ದಡಕ್ಕೇ ಬರುತ್ತದೆ, ಈಜುವ ಕಾರಣವೇ ಇರುವುದಿಲ್ಲ. ನಾಲ್ಕೈದು ಕಿಲೋ ಭಾರವನ್ನು ಹೊತ್ತು ದಿನವಿಡೀ ಒದ್ದೆ ಸಿಮೆಂಟಿನ ಮೇಲೆ ನಿಂತರೆ ಬಂಬಲ್‌ಫೂಟ್ ಎಂಬ ಕಾಲುಬೇನೆ ಹಿಡಿಯುತ್ತದೆ.

ಆರೋಗ್ಯವಾದ ಅಂಗಾಲು ಒರಟು, ಸಣ್ಣ ಸಣ್ಣ ಗುಳ್ಳೆಯಂಥ ಉಬ್ಬುಗಳಿಂದ ತುಂಬಿರುತ್ತದೆ. ಒಂದೇ ಜಾಗಕ್ಕೆ ಒತ್ತಡ ಬಿದ್ದಾಗ ಅವು ಸವೆದು ಚರ್ಮ ನುಣ್ಣಗೆ ಕೆಂಪಾಗಿ ಮಿರುಗುತ್ತದೆ. ಹಿಡಿಯಬೇಕಾದದ್ದು ಈ ಹಂತದಲ್ಲೇ. ಬಿಟ್ಟರೆ ಚರ್ಮ ಬಿರಿದು ಕಪ್ಪು ಹೆಕ್ಕಳೆ ಕಟ್ಟುತ್ತದೆ, ಸ್ಟೆಫಿಲೋಕಾಕಸ್‌ನಂಥ ಬ್ಯಾಕ್ಟೀರಿಯಾ ಒಳಹೋಗುತ್ತವೆ. ಹಕ್ಕಿಗಳ ಕೀವು ನಮ್ಮ ಕೀವಿನಂತೆ ಹರಿಯುವುದಿಲ್ಲ, ಪನೀರಿನಂತೆ ಗಟ್ಟಿಯಾಗಿ ಕೂರುತ್ತದೆ. ಅದರೊಳಗೆ ಔಷಧ ಸರಿಯಾಗಿ ಇಳಿಯದು. ಹಾಗಾಗಿ ಬರಿಯ ಆಂಟಿಬಯಾಟಿಕ್ ಸಾಲದೆ ಎಷ್ಟೋ ಸಲ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಸೋಂಕು ಮೂಳೆಗೆ ಇಳಿದರೆ ಹಕ್ಕಿ ಉಳಿಯುವುದೇ ಕಷ್ಟ. ನೋಯುವ ಕಾಲನ್ನು ಎತ್ತಿಕೊಂಡು ಭಾರವನ್ನೆಲ್ಲ ಇನ್ನೊಂದರ ಮೇಲೆ ಹಾಕುವುದರಿಂದ ಆ ಕಾಲೂ ಕೆಡುತ್ತದೆ.

ಗಾಯಕ್ಕೆ ಪಟ್ಟಿ ಕಟ್ಟುವಾಗ ನಡುವೆ ತೂತಿರುವ ಮೆತ್ತೆ ಇಡುತ್ತಾರೆ, ಭಾರ ಗಾಯದ ಸುತ್ತ ಹಂಚಿಹೋಗಲಿ ಎಂದು. ಆದರೆ ನೆಲ ಬದಲಾಗದೆ ಪಟ್ಟಿ ಮಾತ್ರ ಕಟ್ಟಿದರೆ ಬೇನೆ ಮರಳುತ್ತದೆ. ಒಂದು ಕಡೆ ರಬ್ಬರ್ ಮ್ಯಾಟ್, ಒಂದು ಕಡೆ ನುಣುಪಾದ ಬೆಣಚುಕಲ್ಲು, ಮತ್ತೊಂದು ಕಡೆ ಮರಳು, ಹೀಗೆ ನೆಲ ಬಗೆಬಗೆಯದಾಗಿದ್ದರೆ ಒತ್ತಡ ಒಂದೇ ಕಡೆ ಬೀಳದು. ನೀರು ನಿಲ್ಲದಂತೆ ಇಳಿಜಾರು ಬೇಕು. ಹಿಕ್ಕೆಯನ್ನು ದಿನವೂ ತೊಳೆಯಬೇಕು. ತೊಳೆದ ಮೇಲೆ ನೆಲ ಒಣಗಲೂ ಬೇಕು, ಇದನ್ನೇ ಮರೆಯುವುದು ಹೆಚ್ಚು.

ಎಲ್ಲಕ್ಕಿಂತ ದೊಡ್ಡ ಮದ್ದು ಈಜು. ದಿನದಿನಕ್ಕೆ ಹೊತ್ತು ಬದಲಿಸಿ ಮೀನನ್ನು ಕೊಳದ ಬೇರೆಬೇರೆ ಮೂಲೆಗಳಿಗೆ ಎಸೆಯಬೇಕು, ಪಂಪಿನಿಂದ ನೀರಿಗೆ ಸೆಳೆತ ಕೊಡಬೇಕು. ಗರಿ ಉದುರಿಸುವ ಎರಡು ಮೂರು ವಾರ ಮಾತ್ರ ಪೆಂಗ್ವಿನ್ ನೀರಿಗಿಳಿಯದೆ ನಿಂತೇ ಇರುತ್ತದೆ. ಆಗ ಅದು ನಿಲ್ಲುವ ಜಾಗಕ್ಕೆ ಮೆತ್ತನೆಯ ಹಾಸು ಹಾಕಿ, ತೂಕ ನೋಡುವಾಗಲೆಲ್ಲ ಎರಡೂ ಅಂಗಾಲು ತಿರುಗಿಸಿ ಫೋಟೋ ತೆಗೆದು, ಹಿಂದಿನ ಫೋಟೋದ ಪಕ್ಕದಲ್ಲಿಟ್ಟು ನೋಡಬೇಕು.