ಎರಡೂ ಎಡಗಡೆಯದ್ದೇ! ಪದ್ಮಿನಿ ಕಿಟಕಿಗೆ ರಬ್ಬರ್ ಹುಡುಕಾಟ | ಬಳ್ಳಾರಿ

ಹಾಂ, ರೆಕಾರ್ಡ್ ಆಗುತ್ತಿದೆ. ಮೊದಲು ನನ್ನ ಹಳೇ ಪದ್ಮಿನಿ ಕಾರಿನ ಈ ಕಿಟಕಿ ಗಾಜಿನ ಅಂಚು ನೋಡಿ. ಬೆರಳು ತಾಗಿಸಿದರೆ ಕಪ್ಪು ಪುಡಿ ಉದುರುತ್ತದೆ. ಒಂದು ಕಾಲಕ್ಕೆ ಇದು ರಬ್ಬರ್. ಈಗ ಸುಟ್ಟ ಹಪ್ಪಳ.

ಬಳ್ಳಾರಿ ಬಿಸಿಲಿಗೆ ಯಾವ ರಬ್ಬರ್ ತಾನೇ ಉಳಿಯುತ್ತದೆ ಹೇಳಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಬಿಸಿಲು ಒಂದು ಕಡೆ, ಗಾಳಿಯಲ್ಲಿರುವ ಓಝೋನ್ ಇನ್ನೊಂದು ಕಡೆ, ಹಳೇ ರಬ್ಬರ್ ಬಿರುಕು ಬಿಡದೆ ಇನ್ನೇನು ಮಾಡೀತು. ಮಳೆ ಒಳಗೆ ಬರುತ್ತದೆ ಅನ್ನುವ ಚಿಂತೆ ನನಗೆ ಅಷ್ಟಿಲ್ಲ, ನಮ್ಮೂರಲ್ಲಿ ಮಳೆಯೇ ಕಮ್ಮಿ. ತಲೆನೋವೆಲ್ಲ ಧೂಳಿನದು. ಸಂಡೂರು ಕಡೆಯ ಅದಿರು ಲಾರಿ ಪಕ್ಕದಲ್ಲಿ ಹೋದರೆ ಸಾಕು, ಗಾಜು ಪೂರ್ತಿ ಏರಿಸಿದ್ದರೂ ಸೀಟೆಲ್ಲ ಕೆಂಪು. ಈ ಕಾರಿನಲ್ಲಿ ಬಿಳಿ ಅಂಗಿ ಹಾಕಿಕೊಂಡು ಮದುವೆಗೆ ಹೋಗುವ ಹಾಗೇ ಇಲ್ಲ.

ಇದು ಕೌಲ್ ಬಜಾರ್. ಅಂಗಡಿಯವರು "ಯಾವ ಗಾಡಿ ಸಾರ್?" ಅಂದರು. ಪದ್ಮಿನಿ ಅಂದೆ. ನಕ್ಕರು. "ಬೊಲೆರೊದ್ದು ಕೊಡ್ಲಾ?" ಅಂತೆ! ಅವರನ್ನು ಬೈದು ಏನು ಪ್ರಯೋಜನ. ಮುಂಬೈಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳೇ 2023ರ ಅಕ್ಟೋಬರ್‌ಗೆ ರಸ್ತೆ ಬಿಟ್ಟವು. ಇನ್ನು ಬಳ್ಳಾರಿಯಲ್ಲಿ ಯಾರು ಸ್ಟಾಕ್ ಇಡುತ್ತಾರೆ?

ಬಾಗಿಲಿಗೆ ಒಂದೇ ರಬ್ಬರ್ ಅಂದುಕೊಳ್ಳಬೇಡಿ. ಗಾಜು ಏರಿಳಿಯುವ ಚಾನೆಲ್, ಅದರೊಳಗೆ ವೆಲ್ವೆಟ್ ಇರುತ್ತದೆ. ಗಾಜು ಬಾಗಿಲೊಳಗೆ ಇಳಿಯುವ ಕಡೆ ಒರೆಸುವ ಪಟ್ಟಿ. ಬಾಗಿಲ ಸುತ್ತ ಬೀಡಿಂಗ್. ಇವೆಲ್ಲ ಅಡಿ ಲೆಕ್ಕದಲ್ಲಿ ಸಿಗುತ್ತವೆ. ಅಡಿ ಲೆಕ್ಕದ್ದು ಶುದ್ಧ ದಂಡ, ಯಾರೂ ತಗೋಬೇಡಿ. ಮುಂದಿನ ಬಾಗಿಲಲ್ಲಿ ತಿರುಗಿಸಿ ಗಾಳಿ ಬಿಟ್ಟುಕೊಳ್ಳುವ ತ್ರಿಕೋನ ಗಾಜಿದೆಯಲ್ಲ, ಅದರ ಕಥೆಯೇ ಬೇರೆ. ಅದರ ರಬ್ಬರ್ ಅಚ್ಚಿನಲ್ಲೇ ಆ ಆಕಾರಕ್ಕೆ ಮಾಡಿದ್ದು ಬೇಕು. ಪಟ್ಟಿ ಮಡಚಿ ಮೂಲೆಗೆ ತುರುಕಿದರೆ ಅಲ್ಲೇ ಸಂದಿ ಬಿಡುತ್ತದೆ.

ಅದನ್ನೇ ಮುಂಬೈಯಿಂದ ತರಿಸಿದೆ. ಜೋಡಿಗೆ 1,400 ರೂಪಾಯಿ, ಕೊರಿಯರ್‌ಗೆ 250. ಇಗೋ ಪಾರ್ಸೆಲ್. ಮೇಜಿನ ಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟಿದ್ದೇನೆ, ನೀವೇ ನೋಡಿ. ಎರಡೂ ಎಡಗಡೆಯದು! ಫೋಟೋ ಕಳಿಸಿದ್ದೆ, ಫೋನಿನಲ್ಲೂ ಹೇಳಿದ್ದೆ. ಮತ್ತೆ ಫೋನ್ ಮಾಡಿದರೆ ಆ ಪುಣ್ಯಾತ್ಮ ಹೇಳಿದ್ದೇನು ಗೊತ್ತಾ? "ಉಲ್ಟಾ ಮಾಡಿ ಹಾಕಿ ಸಾರ್, ಕೂತ್ಕೊಳ್ಳುತ್ತೆ." ಸರಿ, ಮಾಡೋಣ. ತಲೆಕೆಳಗೆ ಹಿಡಿದರೆ ಚೂಪು ಮೂಲೆ ನೆಲ ನೋಡುತ್ತದೆ. ಮಗುಚಿ ಹಿಡಿದರೆ ಆಕಾರವೇನೋ ಕೂರುತ್ತದೆ, ಆದರೆ ಹೊರಗಿರಬೇಕಾದ ಈ ತುಟಿ ಒಳಗೆ ಬರುತ್ತದೆ. ಧೂಳನ್ನು ಕರೆದು ಕೂರಿಸಿದ ಹಾಗೆ! ವಾಪಸ್ ಕಳಿಸಿ, ಬದಲಾಯಿಸುತ್ತೇನೆ ಅಂದರು. ಕೊರಿಯರ್ ಖರ್ಚು ಯಾರದು? ನನ್ನದಂತೆ. ಹೋಗಲೂ ನನ್ನದು, ಬರಲೂ ನನ್ನದು. ದುಡ್ಡಿಗಿಂತ ಆ "ಕೂತ್ಕೊಳ್ಳುತ್ತೆ" ಅನ್ನೋ ಮಾತಿಗೇ ಸಿಟ್ಟು ಬಂತು.

ಸಿಟ್ಟಿಗೆ ಹೊಟ್ಟೆ ಹಸಿಯಿತು. ಇದು ವಗ್ಗರಣೆ-ಮಿರ್ಚಿ. ಮಂಡಕ್ಕಿ ಮೆತ್ತಗಾಗಿರಬೇಕು, ಮಿರ್ಚಿ ಆಗ ತಾನೇ ಎಣ್ಣೆಯಿಂದ ಎದ್ದಿರಬೇಕು. ದಾವಣಗೆರೆಯವರು ಕಾಮೆಂಟ್‌ನಲ್ಲಿ ಜಗಳಕ್ಕೆ ಬರಬೇಡಿ, ನಿಮ್ಮದೂ ತಿಂದಿದ್ದೇನೆ, ಚೆನ್ನಾಗಿದೆ, ನಮ್ಮದು ಜಾಸ್ತಿ ಚೆನ್ನಾಗಿದೆ. ಅಯ್ಯೋ, ಶಾಟ್ ಮುಗಿಯಿತು, ಬನ್ನಿ ಬನ್ನಿ.

ಇವರು ಕುಶನ್ ಕೆಲಸದ ಚಾಚಾ. ಮುಖ ತೋರಿಸಬೇಡ ಅಂದಿದ್ದಾರೆ, ಅದಕ್ಕೇ ಬರೀ ಕೈ. ಹಳೇ ಚಾನೆಲ್‌ನ ಒಂದು ತುಂಡು ಕೊಟ್ಟೆ. ಬ್ಲೇಡಿನಲ್ಲಿ ಅಡ್ಡ ಕೊಯ್ದು, ಬೆಳಕಿಗೆ ಹಿಡಿದು, ಕೊಯ್ದ ಮುಖವನ್ನು ಹೊಸ ರಬ್ಬರಿನ ಮುಖಕ್ಕೆ ಜೋಡಿಸಿ ನೋಡಿದರು. ಗಾಜಿನ ದಪ್ಪ, ತಗಡಿನ ದಪ್ಪ, ಪಟ್ಟಿಯ ಎತ್ತರ. ಅಷ್ಟೇ ಲೆಕ್ಕ, ಗಾಡಿ ಹೆಸರೇ ಕೇಳಲಿಲ್ಲ. ಮೂಲೆಯಲ್ಲಿದ್ದ ಸುರುಳಿಯಿಂದ ಅಡಿ ಲೆಕ್ಕದಲ್ಲೇ ಕತ್ತರಿಸಿ ಕೊಟ್ಟರು. ಹೌದು, ದಂಡ ಅಂದವನು ನಾನೇ. ಅಳತೆ ಹೊಂದಿದರೆ ದಂಡ ಅಲ್ಲ ಬಿಡಿ.

ಕೂರಿಸುವುದು ವಿಡಿಯೋದಲ್ಲೇ ಕಾಣುತ್ತಿದೆ, ಸೋಪಿನ ನೀರು, ಹೆಬ್ಬೆರಳು, ತಾಳ್ಮೆ. ಜಾರಲಿ ಅಂತ ನಾನು ಎಂಜಿನ್ ಆಯಿಲ್ ತೆಗೆದರೆ ಚಾಚಾ ಕೈ ಹಿಡಿದರು. "ಎಣ್ಣೆ ಬ್ಯಾಡ ಬೇಟಾ, ರಬ್ಬರ್ ಉಬ್ಬತೈತಿ." ಆಮೇಲೆ ಬಾಗಿಲ ತಳದ ತೂತಿಗೆ ತಂತಿ ಹಾಕಿ ಕೆದಕಿದರು. ನೋಡಿ, ಎಷ್ಟು ಕೆಂಪು ಮಣ್ಣು! ಪಟ್ಟಿ ಎಷ್ಟೇ ಗಟ್ಟಿ ಇದ್ದರೂ ಸ್ವಲ್ಪ ನೀರು ಬಾಗಿಲೊಳಗೆ ಇಳಿದೇ ಇಳಿಯುತ್ತದೆ, ಈ ತೂತಿನಿಂದಲೇ ಅದು ಹೊರಗೆ ಹೋಗಬೇಕು. ಕಟ್ಟಿಕೊಂಡರೆ ತಗಡು ಒಳಗಿಂದ ತುಕ್ಕು. ನಿಮ್ಮ ಹೊಸ ಕಾರಿನಲ್ಲೂ ಬಾಗಿಲ ಅಡಿಯಲ್ಲಿ ಇದು ಇದೆ, ಸುಮ್ನೆ ಒಮ್ಮೆ ಬಗ್ಗಿ ನೋಡಿ.

ಎಡಗಡೆ ತ್ರಿಕೋನ ಸೂಪರಾಗಿ ಕೂತಿತು. ಬಲಗಡೆಗೆ ಸದ್ಯಕ್ಕೆ ಕಪ್ಪು ಟೇಪು. ಡ್ರೈವರ್ ಸೀಟ್ ಬಲಗಡೆಯೇ ಅಲ್ವಾ, ಹಾಗಾಗಿ ಧೂಳು ಈಗ ನನಗೊಬ್ಬನಿಗೇ. ನಿಮ್ಮಲ್ಲಿ ಯಾರಿಗಾದರೂ ಎರಡೂ ಬಲಗಡೆಯದ್ದೇ ಬಂದಿದ್ದರೆ ಕಾಮೆಂಟ್‌ನಲ್ಲಿ ಹೇಳಿ, ಒಂದೊಂದು ಬದಲಾಯಿಸಿಕೊಳ್ಳೋಣ. ಕೊರಿಯರ್ ಅರ್ಧ ಅರ್ಧ. ಬ್ಯಾಟರಿ ಕೆಂಪು ತೋರಿಸುತ್ತಿದೆ, ಆಫ್ ಮಾಡುತ್ತೇನೆ.