ಡಾಂಬರು ಮುಗಿದ ಮೇಲೆ

ಕೇಳುಗರೆಲ್ಲರಿಗೂ ನಮಸ್ಕಾರ. ಡಾಂಬರು ರಸ್ತೆ ಮುಗಿದ ಮೇಲೆ ಮಣ್ಣು, ಕಲ್ಲಿನ ಘಟ್ಟದ ಹಾದಿಗಳಲ್ಲಿ ಎಚ್ಚರದಿಂದ ವಾಹನ ಓಡಿಸುವುದು, ಬೀಡು ಬಿಡುವುದು ಹೇಗೆ ಎಂಬುದು ಇಂದಿನ ಮಾತು.

ಮಲೆನಾಡಿನ ಕಾಫಿ ತೋಟಗಳಲ್ಲಿ ಜೀಪು ಎಂಬುದು ಮೋಜಿನ ವಾಹನವಲ್ಲ. ಗೊಬ್ಬರದ ಚೀಲ, ಕಾಫಿಯ ಮೂಟೆ, ಕೆಲಸಕ್ಕೆ ಬರುವ ಆಳುಗಳು, ಅಪರಾತ್ರಿಯಲ್ಲಿ ಆಸ್ಪತ್ರೆಗೆ ಹೊರಟ ರೋಗಿ, ಹೀಗೆ ಎಲ್ಲವನ್ನೂ ಎಲ್ಲರನ್ನೂ ಹೊತ್ತು ಏರು ಹತ್ತುವ ದುಡಿಮೆಯ ಎತ್ತು ಅದು. 1940ರ ದಶಕದ ಕೊನೆಯಲ್ಲಿ ಮಹೀಂದ್ರ ಕಂಪನಿಯವರು ವಿಲ್ಲಿಸ್ ಜೀಪುಗಳನ್ನು ನಮ್ಮ ದೇಶದಲ್ಲಿ ಜೋಡಿಸಲು ತೊಡಗಿದರು. ಆ ತಳಿಯ ಗಾಡಿಗಳನ್ನು ಓಡಿಸುತ್ತಲೇ ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಸೀಮೆಯ ಚಾಲಕರು ಕೆಸರನ್ನೂ ಕಲ್ಲನ್ನೂ ಓದಲು ಕಲಿತರು. ಈಗ ಕಾಲ ಬದಲಾಗಿದೆ. 2020ರಲ್ಲಿ ಮಹೀಂದ್ರದ ಹೊಸ ಥಾರ್, 2023ರಲ್ಲಿ ಮಾರುತಿಯ ಐದು ಬಾಗಿಲಿನ ಜಿಮ್ನಿ ಮಾರುಕಟ್ಟೆಗೆ ಬಂದ ಮೇಲೆ, ಶುಕ್ರವಾರ ಸಂಜೆ ಕಚೇರಿ ಮುಗಿಸಿ, ಡೇರೆಯನ್ನೂ ಗ್ಯಾಸ್ ಒಲೆಯನ್ನೂ ಹಿಂಬದಿಗೆ ತುಂಬಿಕೊಂಡು ಘಟ್ಟದ ಕಡೆಗೆ ಹೊರಡುವವರ ಸಂಖ್ಯೆ ಹೆಚ್ಚಿದೆ. ನಾಲ್ಕು ಚಕ್ರಕ್ಕೂ ಎಳೆತವಿರುವ, ಅಂದರೆ ಎಂಜಿನ್ನಿನ ಬಲ ನಾಲ್ಕೂ ಚಕ್ರಗಳಿಗೆ ಹೋಗುವ ವಾಹನ ದುಡ್ಡು ಕೊಟ್ಟರೆ ಸಿಗುತ್ತದೆ. ಅದನ್ನು ಎಲ್ಲಿ ನಿಲ್ಲಿಸಬೇಕು ಎಂಬ ತಿಳಿವಳಿಕೆ ಅದರ ಜೊತೆಗೆ ಬರುವುದಿಲ್ಲ.

ನನಗೂ ಬಂದಿರಲಿಲ್ಲ. ಸ್ನೇಹಿತರೊಬ್ಬರ ತೋಟದಲ್ಲಿ, ಮಳೆ ಬಿಟ್ಟು ಎರಡು ದಿನವಾಗಿದ್ದ ಒಂದು ಅಕ್ಟೋಬರ್ ಬೆಳಿಗ್ಗೆ, ಕೆಂಪು ಜೇಡಿಮಣ್ಣಿನ ಇಳಿಜಾರೊಂದರಲ್ಲಿ ಧೈರ್ಯವಾಗಿ ಇಳಿದೆ. ಮೇಲ್ಮೈ ಒಣಗಿದಂತೆ ಕಾಣುತ್ತಿತ್ತು, ಒಳಗೆ ಬೆಣ್ಣೆಯಂತಿತ್ತು. ಹೆದರಿ ಬ್ರೇಕ್ ತುಳಿದೆ, ಚಕ್ರಗಳು ನಿಂತವು, ವಾಹನ ನಿಲ್ಲಲಿಲ್ಲ. ಅದು ಅಡ್ಡಡ್ಡಲಾಗಿ ಜಾರಿ ತೋಟದ ಚರಂಡಿಯಲ್ಲಿ ಒರಗಿಕೊಂಡಿತು. ಸುದ್ದಿ ತಿಳಿದು ಬಂದ ತೋಟದ ಹಿರಿಯ ಚಾಲಕರು ನನ್ನನ್ನೂ ವಾಹನವನ್ನೂ ನೋಡುವ ಮೊದಲು ಹಾದಿಯನ್ನು ನೋಡಿದರು. ಚಪ್ಪಲಿಯ ತುದಿಯಿಂದ ಮಣ್ಣು ಕೆದಕಿ, "ಇಳಿದು ನೋಡಿದ್ರಾ ಸಾರ್?" ಎಂದು ಕೇಳಿದರು. ಇಲ್ಲವೆಂದೆ. "ಹಾಗಾದ್ರೆ ರಸ್ತೆದೇನೂ ತಪ್ಪಿಲ್ಲ ಬಿಡಿ" ಎಂದರು. ಈ ಹದಿನೈದು ನಿಮಿಷಗಳಲ್ಲಿ ನಾನು ಹೇಳಬೇಕೆಂದಿರುವುದರಲ್ಲಿ ಬಹುಪಾಲು ಅವರ ಆ ಒಂದು ಪ್ರಶ್ನೆಯಲ್ಲೇ ಇದೆ.

ಮೊದಲು ಎಲ್ಲಿಗೆ ಹೋಗಬಹುದು ಎಂಬ ಮಾತು. ನಕ್ಷೆಯಲ್ಲಿ ಗೆರೆ ಕಂಡ ಮಾತ್ರಕ್ಕೆ ಅದು ನಮ್ಮ ಹಾದಿಯಲ್ಲ. ಅಭಯಾರಣ್ಯಗಳಿಗೆ ಅನುಮತಿಯಿಲ್ಲದೆ ಹೋಗುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿರ್ಬಂಧಿಸುತ್ತದೆ. ತೋಟದ ಹಾದಿಗೆ ತೋಟದ ಯಜಮಾನರ ಒಪ್ಪಿಗೆ ಬೇಕು. 1,343 ಮೀಟರ್ ಎತ್ತರದ ಕೊಡಚಾದ್ರಿಯ ಕಲ್ಲುಹಾದಿಯಲ್ಲಿ ಸ್ಥಳೀಯರ ಜೀಪುಗಳು ಬಾಡಿಗೆಗೆ ಓಡುತ್ತವೆ. ಹೊಸಬರಿಗೆ ನಾನು ಕೊಡುವ ಮೊದಲ ಸಲಹೆಯೆಂದರೆ, ಸ್ವಂತ ವಾಹನವನ್ನು ಕೆಳಗೇ ಬಿಟ್ಟು, ಅಂಥ ಒಂದು ಜೀಪಿನಲ್ಲಿ ಚಾಲಕರ ಪಕ್ಕದ ಸೀಟು ಕೇಳಿ ಪಡೆದು, ದಾರಿಯುದ್ದಕ್ಕೂ ಹೊರಗಿನ ನೋಟವನ್ನು ಬಿಟ್ಟು ಅವರ ಪಾದಗಳನ್ನೂ ಕೈಗಳನ್ನೂ ನೋಡುತ್ತಾ ಹೋಗಿ. ಅವರು ಎಷ್ಟು ಕಡಿಮೆ ಬಾರಿ ಬ್ರೇಕ್ ತುಳಿಯುತ್ತಾರೆ, ಎಷ್ಟು ನಿಧಾನವಾಗಿ ಕಲ್ಲಿನ ಮೇಲೆ ಚಕ್ರವನ್ನು ಹತ್ತಿಸುತ್ತಾರೆ ಎಂಬುದು ತರಗತಿಯಲ್ಲಿ ಕಲಿಯುವಂಥದ್ದಲ್ಲ. ಇನ್ನೊಂದು ಮಾತು: ಗಿರಿಶ್ರೇಣಿಯ ಹುಲ್ಲುಗಾವಲಿನ ಮೇಲೆ ದಯವಿಟ್ಟು ಚಕ್ರ ಇಳಿಸಬೇಡಿ. ಒಮ್ಮೆ ಬಿದ್ದ ಗಾಲಿಯ ಗುರುತು ಮಳೆಗಾಲದಲ್ಲಿ ನೀರಿನ ದಾರಿಯಾಗುತ್ತದೆ, ಕೆಲವೇ ವರ್ಷಗಳಲ್ಲಿ ಕೊರಕಲಾಗುತ್ತದೆ.

ಇನ್ನು ವಾಹನ. ನಾಲ್ಕು ಚಕ್ರಕ್ಕೂ ಎಳೆತವಿರುವ ಥಾರ್, ಜಿಮ್ನಿಯಂಥ ವಾಹನಗಳಲ್ಲಿ ಎರಡು ಚಕ್ರದ ಎಳೆತ, ನಾಲ್ಕು ಚಕ್ರದ ಎಳೆತ, ನಾಲ್ಕು ಚಕ್ರದ ನಿಧಾನ ಎಳೆತ ಎಂದು ಮೂರು ಸ್ಥಿತಿಗಳಿರುತ್ತವೆ. ಮೂರನೆಯದನ್ನು, ಅಂದರೆ ಫೋರ್ ಎಲ್ ಎಂದು ಗುರುತಿಸಿರುವುದನ್ನು, ವಾಹನ ನಿಲ್ಲಿಸಿಯೇ ಹಾಕಬೇಕು. ಆಗ ವೇಗ ಕುಗ್ಗಿ ಎಳೆಯುವ ಬಲ ಹೆಚ್ಚುತ್ತದೆ. ಈ ನಾಲ್ಕು ಚಕ್ರದ ಎಳೆತವನ್ನು ಒಣ ಡಾಂಬರಿನ ಮೇಲೆ ಬಳಸಬಾರದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಉರುಳಬೇಕಾಗುತ್ತದೆ. ಮಣ್ಣಿನಲ್ಲಿ ಚಕ್ರ ಸ್ವಲ್ಪ ಜಾರಿ ಆ ವ್ಯತ್ಯಾಸವನ್ನು ನುಂಗಿಕೊಳ್ಳುತ್ತದೆ, ಡಾಂಬರಿನ ಮೇಲೆ ಆ ಒತ್ತಡವೆಲ್ಲ ಗೇರುಗಳ ಮೇಲೆ ಬೀಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ನಾಲ್ಕು ಚಕ್ರದ ಎಳೆತ ಮುಂದೆ ಹೋಗಲು ನೆರವಾಗುವಷ್ಟು ನಿಲ್ಲಲು ನೆರವಾಗುವುದಿಲ್ಲ. ಸಾಮಾನ್ಯ ಕಾರು ಹೋಗಲಾರದ ಜಾಗಕ್ಕೆ ನಿಮ್ಮನ್ನು ಕೊಂಡೊಯ್ದು ಸಿಕ್ಕಿಸುವ ಸಾಮರ್ಥ್ಯವೂ ಅದಕ್ಕಿದೆ.

ಟೈರಿನ ವಿಷಯಕ್ಕೆ ಸ್ವಲ್ಪ ಹೆಚ್ಚು ಸಮಯ ಕೊಡುತ್ತೇನೆ. ಹೊಸಬರು ಬಂಪರ್, ದೀಪ, ಸಿಕ್ಕಿಕೊಂಡ ವಾಹನವನ್ನು ಎಳೆಯುವ ವಿಂಚ್ ಯಂತ್ರ ಎಂದು ಸಾವಿರಾರು ರೂಪಾಯಿ ಸುರಿಯುತ್ತಾರೆ. ನನ್ನ ಅನುಭವದಲ್ಲಿ ಒಂದು ಗಾಳಿಯ ಮಾಪಕ ಮತ್ತು ಬ್ಯಾಟರಿಯಿಂದ ನಡೆಯುವ ಒಂದು ಪಂಪು ಇವೆಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತವೆ. ರಸ್ತೆಯ ಮೇಲೆ ಸುಮಾರು 30 ಪಿ.ಎಸ್.ಐ. (ಗಾಳಿಯ ಒತ್ತಡದ ಅಳತೆ) ಇರುವ ಗಾಳಿಯನ್ನು ಕೆಸರಿಗೂ ಸಡಿಲ ಕಲ್ಲಿಗೂ 20ರ ಆಸುಪಾಸಿಗೆ ಇಳಿಸಿದರೆ, ಟೈರು ನೆಲಕ್ಕೆ ಒತ್ತಿಕೊಳ್ಳುವ ಭಾಗ ಉದ್ದವಾಗುತ್ತದೆ, ಭಾರ ಹಂಚಿಹೋಗುತ್ತದೆ, ಚೂಪು ಕಲ್ಲಿನ ಮೇಲೆ ರಬ್ಬರು ಬಾಗಿಕೊಂಡು ಹಿಡಿತ ಸಾಧಿಸುತ್ತದೆ. ಒಳಗಿನವರ ಬೆನ್ನೂ ಉಳಿಯುತ್ತದೆ. ಆದರೆ 15ಕ್ಕಿಂತ ಕೆಳಗೆ ಇಳಿಸಿದರೆ ಟೈರಿನ ಅಂಚು ರಿಮ್ಮಿನಿಂದ ಕಳಚುವ ಅಪಾಯವಿದೆ. ಗಾಳಿ ಇಳಿಸಿದ ವಾಹನವನ್ನು ವೇಗವಾಗಿ ಓಡಿಸುವಂತಿಲ್ಲ, ಗಕ್ಕನೆ ತಿರುಗಿಸುವಂತಿಲ್ಲ.

ಸ್ಟೀರಿಂಗ್ ಹಿಡಿಯುವಾಗ ಹೆಬ್ಬೆರಳುಗಳನ್ನು ಚಕ್ರದ ಒಳಕ್ಕೆ ಸುತ್ತದೆ ಹೊರ ಅಂಚಿನ ಮೇಲೆಯೇ ಇಟ್ಟುಕೊಳ್ಳಿ. ಮುಂದಿನ ಗಾಲಿ ಕಲ್ಲಿಗೆ ಬಡಿದು ಸ್ಟೀರಿಂಗ್ ಒಮ್ಮೆಲೇ ತಿರುಗಿದರೆ ಬೆರಳು ಮುರಿಯಬಹುದು. ನಿಧಾನವಾಗಿ ಹೋಗುತ್ತಿದ್ದೇವೆ ಎಂದು ಸೀಟ್ ಬೆಲ್ಟ್ ಬಿಚ್ಚುವವರಿದ್ದಾರೆ. ವಾಹನ ಉರುಳಲು ವೇಗ ಬೇಕಿಲ್ಲ, ಓರೆ ಸಾಕು. ಅದೇ ಕಾರಣಕ್ಕೆ ನೀರಿನ ಕ್ಯಾನು, ಗ್ಯಾಸ್ ಸಿಲಿಂಡರು, ಹಾರೆ, ಸಲಿಕೆಯಂಥ ಭಾರದ ವಸ್ತುಗಳನ್ನು ಕೆಳಗೆ, ಕಟ್ಟಿಯೇ ಇಡಬೇಕು. ಚಾವಣಿಯ ಮೇಲೆ ಹಾಸಿಗೆ, ಡೇರೆಗಿಂತ ಭಾರವಾದದ್ದು ಬೇಡ.

ಈಗ ಏರು. ಏರಿನ ಬುಡದಲ್ಲಿ ನಿಲ್ಲಿಸಿ, ಇಳಿದು, ತುದಿಯವರೆಗೆ ನಡೆದು ಹೋಗಿ. ತುದಿಯ ಆಚೆ ಏನಿದೆ, ಹಾದಿ ಎಡಕ್ಕೆ ತಿರುಗುತ್ತದೆಯೋ ಕಮರಿಗೆ ಬಾಯಿ ತೆರೆಯುತ್ತದೆಯೋ ಎಂಬುದು ಸೀಟಿನಲ್ಲಿ ಕುಳಿತವರಿಗೆ ಕಾಣುವುದಿಲ್ಲ, ಏಕೆಂದರೆ ಆ ಹೊತ್ತಿಗೆ ಕಣ್ಣೆದುರು ಬಾನೆಟ್ಟು ಮತ್ತು ಆಕಾಶ ಮಾತ್ರ ಇರುತ್ತವೆ. ಏರನ್ನು ನೇರವಾಗಿ ಹತ್ತಬೇಕು, ಓರೆಯಾಗಿ ಹತ್ತಬಾರದು. ಮಧ್ಯದಲ್ಲಿ ಎಂಜಿನ್ ನಿಂತುಹೋದರೆ ಕ್ಲಚ್ ಒತ್ತಿ ಹಿಂದಕ್ಕೆ ಉರುಳಲು ಬಿಡಬೇಡಿ. ಮೊದಲು ಬ್ರೇಕ್ ಗಟ್ಟಿಯಾಗಿ ಹಿಡಿಯಿರಿ, ಹ್ಯಾಂಡ್‌ಬ್ರೇಕ್ ಎಳೆಯಿರಿ, ರಿವರ್ಸ್ ಗೇರ್ ಹಾಕಿ, ಕ್ಲಚ್ಚನ್ನು ಪೂರ್ತಿ ಬಿಟ್ಟು, ಎಂಜಿನ್ನಿನ ಹಿಡಿತದಲ್ಲೇ ಬಂದ ದಾರಿಯಲ್ಲಿ ನೇರವಾಗಿ ಕೆಳಗಿಳಿಯಿರಿ. ಅಲ್ಲಿಯೇ ವಾಹನವನ್ನು ತಿರುಗಿಸಿಕೊಳ್ಳೋಣ ಎಂಬ ಯೋಚನೆ ಬಂತೆಂದರೆ ಅಪಾಯ ಬಂತೆಂದೇ ಅರ್ಥ. ಇಳಿಜಾರಿನಲ್ಲಿಯೂ ನಿಯಮ ಅದೇ: ನಿಧಾನ ಎಳೆತ, ಮೊದಲ ಗೇರು, ಕ್ಲಚ್ ಮೇಲೆ ಕಾಲಿಲ್ಲ, ಬ್ರೇಕ್ ಮೇಲೆ ಹಗುರವಾದ ಪಾದ. ಒಂದು ವೇಳೆ ವಾಹನದ ಹಿಂಭಾಗ ಜಾರತೊಡಗಿದರೆ, ಮನಸ್ಸು ಬ್ರೇಕ್ ಎನ್ನುತ್ತದೆ. ಆಗ ಬ್ರೇಕ್ ಬಿಟ್ಟು, ಆಕ್ಸಿಲರೇಟರನ್ನು ಒಂದಿಷ್ಟೇ ಒತ್ತಿ, ಚಕ್ರಗಳು ಮತ್ತೆ ಉರುಳುವಂತೆ ಮಾಡಿ ಮುಖವನ್ನು ಇಳಿಜಾರಿಗೆ ನೇರವಾಗಿಸಿಕೊಳ್ಳಬೇಕು. ನಾನು ಚರಂಡಿಗೆ ಬಿದ್ದದ್ದು ಇದು ಗೊತ್ತಿಲ್ಲದೆ.

ಹಳ್ಳ ದಾಟುವುದರಲ್ಲಿ ಮಾತ್ರ ನಾನು ಬಹಳ ಪುಕ್ಕಲ, ಹಾಗೆ ಹೇಳಿಕೊಳ್ಳಲು ನಾಚಿಕೆಯೂ ಇಲ್ಲ. ಹೊಸ ಥಾರ್ 650 ಮಿಲಿಮೀಟರ್ ಆಳದ ನೀರಿನಲ್ಲಿ ಸಾಗಬಲ್ಲದೆಂದು ತಯಾರಕರು ಹೇಳುತ್ತಾರೆ. ಅದು ನಿಂತ ನೀರಿಗೆ ಸಲ್ಲುವ ಲೆಕ್ಕ. ಹರಿಯುವ ನೀರು ಒಂದು ಅಡಿ ಇದ್ದರೆ ಸಣ್ಣ ಕಾರನ್ನು ತೇಲಿಸಬಲ್ಲದು. ಎರಡು ಅಡಿ, ಅಂದರೆ ಸುಮಾರು 600 ಮಿಲಿಮೀಟರ್ ಇದ್ದರೆ ಬಹುತೇಕ ವಾಹನಗಳನ್ನು ಕೊಚ್ಚಿಕೊಂಡು ಹೋಗಬಲ್ಲದು. ಕೋಲು ಹಿಡಿದು ನೀವು ಸುಖವಾಗಿ ನಡೆದು ದಾಟಲಾಗದ ಹಳ್ಳವನ್ನು ವಾಹನದಲ್ಲಿ ದಾಟಬೇಡಿ. ನೀರು ಕೆಂಪಾಗಿದ್ದರೆ, ಎಲೆ, ಕಡ್ಡಿ ತೇಲಿಬರುತ್ತಿದ್ದರೆ ಮೇಲೆಲ್ಲೋ ಮಳೆ ಸುರಿದಿದೆ ಎಂದು ತಿಳಿಯಿರಿ. ದಾಟಲೇಬೇಕಾದಾಗ ಮೊದಲ ಗೇರಿನಲ್ಲಿ, ಒಂದೇ ವೇಗದಲ್ಲಿ, ಗೇರ್ ಬದಲಿಸದೆ ಹೋಗಬೇಕು. ನಡುನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡುವ ಆಸೆ ಬೇಡ. ಗಾಳಿ ಎಳೆದುಕೊಳ್ಳುವ ಕೊಳವೆಯಿಂದ ನೀರು ಸಿಲಿಂಡರಿಗೆ ಹೊಕ್ಕಿದ್ದರೆ, ಗಾಳಿಯಂತೆ ಅದು ಕುಗ್ಗುವುದಿಲ್ಲ. ಪಿಸ್ಟನ್ನಿನ ದಂಡಗಳೇ ಬಾಗಿ ಎಂಜಿನ್ ಹಾಳಾಗುತ್ತದೆ.

ಎಷ್ಟು ಎಚ್ಚರವಿದ್ದರೂ ಒಂದಲ್ಲ ಒಂದು ದಿನ ವಾಹನ ಹೂತುಹೋಗುತ್ತದೆ. ಚಕ್ರ ನಿಂತಲ್ಲೇ ಸುತ್ತಲು ತೊಡಗಿದ ಕೂಡಲೇ ಕಾಲು ತೆಗೆಯಿರಿ; ರೊಚ್ಚಿಗೆದ್ದು ಆಕ್ಸಿಲರೇಟರ್ ತುಳಿದಷ್ಟೂ ಗುಂಡಿ ಆಳವಾಗುತ್ತದೆ. ಸಲಿಕೆಯಿಂದ ಚಕ್ರದ ಮುಂದಿನ ಮಣ್ಣು ತೆಗೆದು, ಕಲ್ಲು ಅಥವಾ ಬಿದ್ದ ಕೊಂಬೆ ಹಾಸಿದರೆ ಅರ್ಧಕ್ಕರ್ಧ ಸಲ ಅಷ್ಟರಲ್ಲೇ ಕೆಲಸ ಮುಗಿಯುತ್ತದೆ. ಇನ್ನೊಂದು ವಾಹನದಿಂದ ಎಳೆಸುವಾಗ ಆಗುವ ಅನಾಹುತಗಳು ಬಲು ಕ್ರೂರ. ಬಿಗಿದ ಹಗ್ಗದಲ್ಲಿ ಕೂಡಿಕೊಂಡಿರುವ ಬಲ, ಒಂದು ತುದಿ ಕಳಚಿದ ಕ್ಷಣದಲ್ಲಿ ಕಬ್ಬಿಣದ ತುಂಡೊಂದನ್ನು ಗುಂಡಿನಂತೆ ಹಾರಿಸುತ್ತದೆ. ಆದ್ದರಿಂದ ಹಗ್ಗವನ್ನು ವಾಹನದ ಚಾಸಿಗೆ, ಅಂದರೆ ತಳದ ಗಟ್ಟಿ ಚೌಕಟ್ಟಿಗೆ ಬಿಗಿದಿರುವ, ಎಳೆತಕ್ಕೆಂದೇ ಮಾಡಿದ ಕೊಕ್ಕೆಗೆ ಮಾತ್ರ ಸಿಕ್ಕಿಸಬೇಕು; ಬಂಪರಿಗೂ ಟ್ರೇಲರ್ ಸಿಕ್ಕಿಸುವ ದುಂಡನೆಯ ಕೊಂಡಿಗೂ ಎಂದಿಗೂ ಬೇಡ. ಹಗ್ಗದ ನಡುವೆ ಒದ್ದೆ ಕಂಬಳಿಯೋ ಗೋಣಿಯೋ ಹೊದಿಸಿ. ನೋಡುವವರು ಹಗ್ಗದ ಉದ್ದಕ್ಕಿಂತ ಒಂದೂವರೆ ಪಟ್ಟು ದೂರದಲ್ಲಿರಲಿ. ಕೈಸನ್ನೆ ಮಾಡುವವರು ಒಬ್ಬರೇ ಇರಲಿ. ನಾಲ್ಕು ಜನ ನಾಲ್ಕು ದಿಕ್ಕಿನಿಂದ "ಬರಲಿ, ಬರಲಿ" ಎಂದು ಕೂಗುವುದು ನಮ್ಮ ಹಳೆಯ ರೂಢಿ. ಅದನ್ನು ಊರಿನಲ್ಲೇ ಬಿಟ್ಟು ಬರಬೇಕು. ಎಳೆಯಲು ಎರಡನೆಯ ವಾಹನ ಬೇಕಲ್ಲವೇ? ಅದಕ್ಕಾಗಿಯೇ ಒಂಟಿ ವಾಹನದಲ್ಲಿ ಹೋಗಬಾರದು.

ಬೀಡು ಬಿಡುವ ಜಾಗವನ್ನು ಹಗಲಿರುವಾಗಲೇ ಹುಡುಕಿ. ಮಧ್ಯಾಹ್ನ ಮೂರು ಗಂಟೆಗೆ ಎಲ್ಲಿರುತ್ತೇವೆಯೋ ಅಲ್ಲಿಂದ ಮುಂದಕ್ಕೆ ಹೊಸ ಹಾದಿ ಹಿಡಿಯುವುದಿಲ್ಲ ಎಂಬುದು ನಾನು ಹಾಕಿಕೊಂಡಿರುವ ಕಟ್ಟು. ಒಣಗಿದ ಹಳ್ಳದ ಮರಳು ಮೆತ್ತಗಿರುತ್ತದೆ ಎಂದು ಅಲ್ಲಿ ಡೇರೆ ಹಾಕಬಾರದು. ಒಣಕೊಂಬೆಯ ಮರದ ಕೆಳಗೂ ಬೇಡ. ಹಾಸನ, ಕೊಡಗಿನ ತೋಟಗಳಲ್ಲಿ ಆನೆಗಳು ಕೆರೆಗೂ ಗದ್ದೆಗೂ ತಮ್ಮದೇ ದಾರಿಯಲ್ಲಿ ಓಡಾಡುತ್ತವೆ, ಆ ದಾರಿ ಯಾವುದೆಂದು ಊರಿನವರನ್ನು ಕೇಳಿಯೇ ಜಾಗ ಗೊತ್ತುಮಾಡಿ. ವಾಹನವನ್ನು ಹೊರಡುವ ದಿಕ್ಕಿಗೆ ಮುಖಮಾಡಿ, ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿ. ಇಳಿಜಾರಿನಲ್ಲಿ ಅದರ ಕೆಳಗಡೆ ಮಲಗಬೇಡಿ. ಚಳಿಯೆಂದು ಇದ್ದಿಲಿನ ಕೆಂಡವನ್ನು ಡೇರೆಯೊಳಗೆ ಇಡುವುದು, ಎಂಜಿನ್ ಓಡುತ್ತಿರುವ ವಾಹನದೊಳಗೆ ನಿದ್ದೆ ಮಾಡುವುದು, ಇವೆರಡರಿಂದಲೂ ಬಣ್ಣ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲ ಸದ್ದಿಲ್ಲದೆ ಕೊಲ್ಲುತ್ತದೆ.

ಪ್ರವಾಸಿಗರು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳದ ಇನ್ನೊಂದು ಅಪಾಯವಿದೆ. ಮಳೆ ಮುಗಿದ ಡಿಸೆಂಬರಿನಿಂದ ಮೇವರೆಗಿನ ದಿನಗಳು ಬೀಡು ಬಿಡಲು ಹಿತವಾದವು. ಮಂಗನ ಕಾಯಿಲೆ ಹೆಚ್ಚಾಗಿ ಹರಡುವ ಕಾಲವೂ ಅದೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ಕಾಯಿಲೆಯ ವೈರಾಣು ರಕ್ತ ಹೀರುವ ಉಣುಗು ಹುಳುಗಳ ಕಡಿತದಿಂದ ಬರುತ್ತದೆ. ತರಗೆಲೆಯ ಮೇಲೆ ಕೂರಬೇಡಿ, ಮೈತುಂಬ ಬಟ್ಟೆ ತೊಡಿ, ಆರೋಗ್ಯ ಇಲಾಖೆಯವರು ಕಾಡಂಚಿನ ಜನರಿಗೆ ಕೊಡುವ ಡೀಪಾ ಎಣ್ಣೆಯಂಥ ಲೇಪವನ್ನು ಹಚ್ಚಿಕೊಳ್ಳಿ, ಸಂಜೆ ಮೈಯನ್ನೂ ಬಟ್ಟೆಯನ್ನೂ ತಡವಿ ನೋಡಿಕೊಳ್ಳಿ. ಸತ್ತ ಮಂಗ ಕಂಡರೆ ಮುಟ್ಟದೆ ಆ ಇಲಾಖೆಯವರಿಗೆ ತಿಳಿಸಿ. ಊರಿಗೆ ಮರಳಿದ ಮೇಲೆ ಜ್ವರ ಬಂದರೆ, ಕಾಡಿಗೆ ಹೋಗಿದ್ದೆವು ಎಂಬ ಮಾತನ್ನು ವೈದ್ಯರಿಗೆ ಮೊದಲೇ ಹೇಳಿ.

ಕಣಿವೆಗಳಲ್ಲಿ ಮೊಬೈಲಿಗೆ ಸಿಗ್ನಲ್ ಇರುವುದಿಲ್ಲ. 112 ಎಂಬ ತುರ್ತು ಸಂಖ್ಯೆಯೂ ಅಲ್ಲಿ ಕೇವಲ ಮೂರು ಅಂಕೆ. ಹೊರಡುವ ಮುನ್ನ ಮನೆಯಲ್ಲಿ ಒಬ್ಬರಿಗೆ ಯಾವ ಹಾದಿ, ಯಾವ ವಾಹನ, ಎಷ್ಟು ಜನ, ಯಾವ ಹೊತ್ತಿನೊಳಗೆ ಫೋನ್ ಬರದಿದ್ದರೆ ಯಾರನ್ನು ಕೇಳಬೇಕು ಎಂಬುದನ್ನು ಚೀಟಿಯಲ್ಲಿ ಬರೆದುಕೊಟ್ಟು ಹೋಗಿ.

ಮರಳಿ ಡಾಂಬರು ಸಿಕ್ಕಾಗ ಎಲ್ಲರಿಗೂ ಮನೆಯ ಅವಸರ. ಆದರೂ ಅಲ್ಲೊಂದು ಹತ್ತು ನಿಮಿಷ ನಿಲ್ಲಿ. ನಾಲ್ಕು ಚಕ್ರದ ಎಳೆತವನ್ನು ಬಿಡಿಸಿ, ಟೈರುಗಳಿಗೆ ಗಾಳಿ ತುಂಬಿ, ಚಕ್ರದ ನಟ್ಟುಗಳನ್ನು ಒಮ್ಮೆ ಬಿಗಿ ಮಾಡಿ, ಕೆಳಗೆ ಬಗ್ಗಿ ಎಣ್ಣೆ ಸೋರುತ್ತಿದೆಯೇ ನೋಡಿ. ಕೆಸರು ಮೆತ್ತಿದ ಬ್ರೇಕುಗಳನ್ನು ಹಗುರವಾಗಿ ಎರಡು ಮೂರು ಸಲ ಒತ್ತಿ ಒಣಗಿಸಿ. ಚೀಟಿ ಹಿಡಿದುಕೊಂಡು ಕಾಯುತ್ತಿರುವವರಿಗೆ ಫೋನ್ ಮಾಡಿ, ಬಂದೆವೆಂದು ತಿಳಿಸಿ, ಆಮೇಲೆ ಹೊರಡಿ.

ನಮಸ್ಕಾರ.